ಕೆರೆಗೆ ಇಳಿಬಿಟ್ಟ ಉಷ್ಣಮಾಪಕದ ಸರ: ಕಟ್ಟಿದ್ದು, ಕೆಟ್ಟಿದ್ದು, ಮತ್ತೆ ಕಟ್ಟಿದ್ದು

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕೆರೆಯಲ್ಲಿ, ಏರಿಯಿಂದ ತುಸು ಒಳಗೆ, ಮೇಲ್ಮೈಯಿಂದ ತಳದವರೆಗೆ ಐದು ಆಳಗಳಲ್ಲಿ ನೀರಿನ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ದಾಖಲಿಸುವ ಒಂದು ಸಾಧನವನ್ನು ನಾವು ಕೆಲವು ಗೆಳೆಯರು ಸೇರಿ ಕಟ್ಟಿ ಇಳಿಬಿಟ್ಟಿದ್ದೇವೆ. ಅದರ ಜೊತೆಗೆ ನೀರಿನ ಪಾರದರ್ಶಕತೆಯನ್ನು ಅಳೆಯುವ ಸೆಕಿ ತಟ್ಟೆಯನ್ನೂ ಬೇಕಾದ ಆಳದಿಂದಲೇ ನೀರನ್ನು ಹಿಡಿದು ತರುವ ಕೊಳವೆಯನ್ನೂ ಮಾಡಿಕೊಂಡಿದ್ದೇವೆ. ಕೆರೆಯ ಬಗ್ಗೆ ಆಸಕ್ತಿಯುಳ್ಳವರು, ಬೆಸುಗೆ ಹಾಕಲು ಬರುವವರು, ತಮ್ಮ ಊರಿನಲ್ಲಿ ಇದನ್ನೇ ಮಾಡಿ ನೋಡಲು ಅನುಕೂಲವಾಗಲಿ ಎಂದು ಕಟ್ಟಿದ ಕ್ರಮವನ್ನೂ ಆ ಕ್ರಮದ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಕೆರೆಯ ನೀರಿನ ಪರೀಕ್ಷೆ ಎಂದರೆ ಸಾಮಾನ್ಯವಾಗಿ ನಡೆಯುವುದು ಇಷ್ಟು: ಬಿಸಿಲೇರಿದ ಮೇಲೆ ಯಾರಾದರೂ ಬಂದು ದಡದಲ್ಲಿ ಬಾಗಿ ಒಂದು ಬಾಟಲಿ ನೀರನ್ನು ತುಂಬಿಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಪಾಚಿಯು ಬಿಸಿಲನ್ನು ಹೀರಿ ಆಮ್ಲಜನಕವನ್ನು ಬಿಡುತ್ತಿರುತ್ತದೆ, ದಡದ ಅಂಚಿನ ನೀರಿನಲ್ಲಿ ಅದು ಧಾರಾಳವಾಗಿಯೇ ಸಿಗುತ್ತದೆ, ವರದಿಯಲ್ಲಿ ನೀರು ಚೆನ್ನಾಗಿದೆ ಎಂದೇ ಬರುತ್ತದೆ. ಅದೇ ಕೆರೆಯಲ್ಲಿ ಅಂದಿನ ನಸುಕಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗಾಗಿ ಗುಟುಕರಿಸುತ್ತಿದ್ದುದನ್ನು ಬಲೆ ಹಾಕುವವರು ಮಾತ್ರ ನೋಡಿರುತ್ತಾರೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಕರಗಿದ ಆಮ್ಲಜನಕದ ಕೊರತೆಯ ಮಾತು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆದರೆ ಆ ಕೊರತೆ ಯಾವ ಹೊತ್ತಿನಲ್ಲಿ, ಯಾವ ಆಳದಿಂದ, ಹೇಗೆ ಏರಿ ಬರುತ್ತದೆ ಎಂಬುದು ಹಗಲಿನ ಒಂದು ಬಾಟಲಿ ನೀರಿನಿಂದ ತಿಳಿಯುವ ಸಂಗತಿಯಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ನೀರು ಪದರ ಪದರವಾಗಿ ಯಾವಾಗ ನಿಲ್ಲುತ್ತದೆ, ಯಾವಾಗ ಕಲೆಯುತ್ತದೆ ಎಂಬುದನ್ನು ಹಿಡಿಯಬೇಕು. ಅದಕ್ಕೆ ಎಲ್ಲಕ್ಕಿಂತ ಅಗ್ಗದ ದಾರಿ ಉಷ್ಣತೆಯೇ.

ಅಗ್ಗದ ದಾರಿ ಎಂದೆ, ಸುಲಭದ ದಾರಿ ಎನ್ನಲಿಲ್ಲ. ನಮ್ಮ ಕೆರೆಗಳಲ್ಲಿ ಮೇಲ್ಮೈಗೂ ತಳಕ್ಕೂ ಇರುವ ಅಂತರ ಬಹಳ ಹೊತ್ತು ಒಂದೆರಡು ಡಿಗ್ರಿಗಿಂತ ಹೆಚ್ಚಿರುವುದಿಲ್ಲ. ಚಳಿದೇಶದ ಸರೋವರಗಳ ಬಗ್ಗೆ ಓದಿದವರಿಗೆ ಇದು ಅಲ್ಪವೆನಿಸಬಹುದು, ಆದರೆ ನೀರಿನ ಸಾಂದ್ರತೆ ಉಷ್ಣತೆಯ ಜೊತೆಗೆ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. 4 ಡಿಗ್ರಿಯಿಂದ 5 ಡಿಗ್ರಿಗೆ ಬಿಸಿಯಾದಾಗ ಒಂದು ಘನ ಮೀಟರ್ ನೀರು ಹಗುರಾಗುವುದು ಹತ್ತು ಗ್ರಾಂಗಿಂತ ಕಡಿಮೆ; 29ರಿಂದ 30ಕ್ಕೆ ಬಿಸಿಯಾದಾಗ ಸುಮಾರು 300 ಗ್ರಾಂ. ಆದ್ದರಿಂದ ನಮ್ಮಲ್ಲಿ ಒಂದು ಡಿಗ್ರಿಯ ಅಂತರವು ನೀರನ್ನು ಪದರವಾಗಿ ಹಿಡಿದು ನಿಲ್ಲಿಸುವ ಶಕ್ತಿಯಲ್ಲಿ ಚಳಿನೀರಿನ ಒಂದು ಡಿಗ್ರಿಗಿಂತ ಮೂವತ್ತು ಪಟ್ಟಿಗೂ ಮಿಗಿಲಾದುದು. ಜಿನೀವಾ ಸರೋವರವನ್ನು ಜೀವಮಾನವಿಡೀ ಅಳೆದು 1892ರಿಂದ ಸಂಪುಟಗಳಾಗಿ ಪ್ರಕಟಿಸಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಫೊರೆಲ್ ಅವರ ಕಾಲದಿಂದಲೂ ಸರೋವರಗಳ ಶಾಸ್ತ್ರ ಬಹುಮಟ್ಟಿಗೆ ಆಳವಾದ, ವರ್ಷಕ್ಕೆ ಒಂದೆರಡು ಬಾರಿ ಕಲೆಯುವ ನೀರುಗಳ ಮೇಲೆ ಬೆಳೆದುಬಂದಿದೆ. 1956ರಲ್ಲಿ ಹಚಿನ್‌ಸನ್ ಮತ್ತು ಲಾಫ್ಲರ್ ಮಾಡಿದ ವರ್ಗೀಕರಣದಲ್ಲಿ ಪದೇ ಪದೇ ಕಲೆಯುವ ಸರೋವರಗಳಿಗೂ ಒಂದು ವರ್ಗವಿದೆ. ಮೂರು ನಾಲ್ಕು ಮೀಟರ್ ಆಳದ ನಮ್ಮ ಬಯಲುಸೀಮೆಯ ಕೆರೆಗಳು ಸೇರುವುದು ಅಲ್ಲಿಗೆ. ಇವುಗಳಿಗೆ ಋತುಗಳ ಲೆಕ್ಕ ಸಾಲದು, ಗಂಟೆಗಳ ಲೆಕ್ಕ ಬೇಕು.

ಈ ಕಾರಣದಿಂದ ನಮ್ಮ ಸಾಧನದಿಂದ ನಾವು ಬಯಸಿದ್ದು ನೀರು ನಿಖರವಾಗಿ ಎಷ್ಟು ಡಿಗ್ರಿ ಇದೆ ಎಂಬ ಉತ್ತರವನ್ನಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸವನ್ನು. ಕಟ್ಟುವಾಗಿನ ಪ್ರತಿಯೊಂದು ನಿರ್ಧಾರವೂ ಈ ಒಂದು ಮಾತಿನಿಂದ ಹೊರಟಿದೆ.

ಸೆನ್ಸರ್‌ಗಳ ಹೊಂದಾಣಿಕೆ

ಬಳಸಿದ್ದು ಎಲ್ಲೆಡೆ ಸಿಗುವ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್, ಸ್ಟೀಲ್ ತೊಡುಗೆಯಲ್ಲಿ ಮುಚ್ಚಿ ತಂತಿಯೊಂದಿಗೆ ಮಾರುವ ಬಗೆಯದು. ಇದರ ಗುಣವೆಂದರೆ ಪ್ರತಿಯೊಂದಕ್ಕೂ 64 ಬಿಟ್‌ಗಳ ತನ್ನದೇ ಗುರುತು ಸಂಖ್ಯೆ ಇರುವುದರಿಂದ ಎಷ್ಟು ಸೆನ್ಸರ್‌ಗಳನ್ನಾದರೂ ಒಂದೇ ದತ್ತಾಂಶದ ತಂತಿಗೆ ಸೇರಿಸಿ ಒಂದೊಂದನ್ನೂ ಹೆಸರು ಹಿಡಿದು ಕರೆದಂತೆ ಓದಬಹುದು. ಓದುವ ಸೂಕ್ಷ್ಮತೆ 12 ಬಿಟ್‌ನಲ್ಲಿ 0.0625 ಡಿಗ್ರಿ. ಆದರೆ ತಯಾರಕರು ಕೊಡುವ ನಿಖರತೆ ±0.5 ಡಿಗ್ರಿ ಮಾತ್ರ. ಅಂದರೆ ಒಂದೇ ಬಕೆಟ್ಟಿನಲ್ಲಿಟ್ಟ ಎರಡು ಸೆನ್ಸರ್‌ಗಳು ಒಂದು ಡಿಗ್ರಿಯಷ್ಟು ಬೇರೆ ಬೇರೆ ತೋರಿಸಿದರೂ ಅವೆರಡೂ ಸರಿಯಾಗಿಯೇ ಇವೆ ಎಂದು ಲೆಕ್ಕ! ನಾವು ಹುಡುಕುತ್ತಿರುವ ವ್ಯತ್ಯಾಸದ ಗಾತ್ರವೂ ಅಷ್ಟೇ ಆಗಿರುವುದರಿಂದ, ಪೆಟ್ಟಿಗೆಯಿಂದ ತೆಗೆದ ಸೆನ್ಸರ್‌ಗಳನ್ನು ಹಾಗೆಯೇ ಕೆರೆಗೆ ಇಳಿಸಿದರೆ ಇಲ್ಲದ ಪದರ ಕಾಣಿಸಬಹುದು, ಇರುವ ಪದರ ಮಾಯವಾಗಬಹುದು. ಮಾರುಕಟ್ಟೆಯಲ್ಲಿ ನಕಲಿಗಳೂ ಸಾಕಷ್ಟು ಇವೆ. ಬೇಕಾದುದಕ್ಕಿಂತ ಹೆಚ್ಚು ಕೊಂಡು, ಒಂದಕ್ಕೊಂದು ಚೆನ್ನಾಗಿ ಹೊಂದುವವನ್ನು ಆರಿಸಿಕೊಳ್ಳುವುದು ಲೇಸು.

ಹೊಂದಾಣಿಕೆಯನ್ನು ಎರಡು ಹಂತದಲ್ಲಿ ಮಾಡಿದೆವು. ಮೊದಲನೆಯದು ಮಂಜುಗಡ್ಡೆಯ ನೀರು: ಶುದ್ಧ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಚೆನ್ನಾಗಿ ಜಜ್ಜಿ ಫ್ಲಾಸ್ಕಿಗೆ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಿ, ಎಲ್ಲ ಸೆನ್ಸರ್‌ಗಳನ್ನೂ ರಬ್ಬರ್ ಬ್ಯಾಂಡಿನಿಂದ ಒಂದು ಕಟ್ಟಾಗಿ ಬಿಗಿದು ನಡುವೆ ಇಳಿಸಿ, ಮೆಲ್ಲನೆ ಕಲಕುತ್ತಾ ಅಂಕಿಗಳು ನಿಲ್ಲುವವರೆಗೆ ಕಾಯಬೇಕು. ಮಂಜುಗಡ್ಡೆ ತೇಲಿ ಮೇಲೆ ನಿಂತು ಕೆಳಗೆ ಬರೀ ನೀರುಳಿದರೆ ಅಲ್ಲಿಯ ಉಷ್ಣತೆ ಸೊನ್ನೆಯಲ್ಲ ಎಂಬುದನ್ನು ಮರೆಯಬಾರದು. ಕುದಿಯುವ ನೀರನ್ನು ಇನ್ನೊಂದು ತುದಿಯ ಆಧಾರವಾಗಿ ಬಳಸುವ ಸಲಹೆ ಹಲವು ವಿಡಿಯೊಗಳಲ್ಲಿ ಇದೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಮೇಲಿರುವ ನಮ್ಮ ಊರುಗಳಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಆ ಸಲಹೆ ನೇರವಾಗಿ ಸಲ್ಲದು, ಮೇಲಾಗಿ ಕೆರೆಯ ನೀರು ಎಂದೂ ಅಷ್ಟು ಬಿಸಿಯಾಗುವುದಿಲ್ಲ.

ಎರಡನೆಯ ಹಂತವೇ ನಿಜವಾಗಿ ಮುಖ್ಯವಾದದ್ದು. ಮುಚ್ಚಳವಿರುವ ದೊಡ್ಡ ಬಕೆಟ್ಟಿನಲ್ಲಿ, ಕೆರೆಯ ನೀರು ವರ್ಷದಲ್ಲಿ ಕಾಣುವ ವ್ಯಾಪ್ತಿಗೆ ಹೊಂದುವಂತೆ, ಅಂದರೆ ಸುಮಾರು 20ರಿಂದ 34 ಡಿಗ್ರಿಯ ನಡುವೆ, ಬೇರೆ ಬೇರೆ ಉಷ್ಣತೆಯ ನೀರನ್ನು ಮಾಡಿಕೊಂಡು, ಪ್ರತಿಬಾರಿಯೂ ಕಟ್ಟನ್ನು ಮುಳುಗಿಸಿ ಕಲಕಿ, ಎಲ್ಲ ಸೆನ್ಸರ್‌ಗಳ ಸರಾಸರಿಯಿಂದ ಪ್ರತಿಯೊಂದೂ ಎಷ್ಟು ಮೇಲೆ ಅಥವಾ ಕೆಳಗೆ ನಿಲ್ಲುತ್ತದೆ ಎಂಬುದನ್ನು ಬರೆದುಕೊಂಡೆವು. ಆ ತಿದ್ದುಪಡಿಯನ್ನು ಗುರುತು ಸಂಖ್ಯೆಯ ಜೊತೆಗೆ ಒಂದು ಪಟ್ಟಿಯಲ್ಲಿ ಇಟ್ಟಿದ್ದೇವೆ. ತಿದ್ದುಪಡಿಯನ್ನು ಲಾಗರಿನ, ಅಂದರೆ ಅಂಕಿಗಳನ್ನು ಓದಿ ದಾಖಲಿಸುವ ಯಂತ್ರದ, ಒಳಗೇ ಸೇರಿಸಿ ಬರೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ಅದರ ಮೆಮೊರಿ ಕಾರ್ಡಿನಲ್ಲಿ ಸೆನ್ಸರ್ ಹೇಳಿದ್ದು ಹೇಳಿದಂತೆಯೇ ಉಳಿಯಲಿ, ಲೆಕ್ಕವನ್ನು ಮನೆಯಲ್ಲಿ ಕೂತು ಮಾಡಿದರಾಯಿತು. ಮುಂದೆ ತಿದ್ದುಪಡಿಯೇ ತಪ್ಪೆಂದು ತಿಳಿದರೆ ಮೂಲ ಅಂಕಿಗಳು ಕೈಯಲ್ಲಿರುತ್ತವೆ.

ಕೇಬಲ್, ಬೆಸುಗೆ, ನೀರು

ಸೆನ್ಸರ್‌ಗಳನ್ನು ಒಂದೊಂದು ಉದ್ದನೆಯ ತಂತಿಯಿಂದ ತಂದು ಒಂದೇ ಕಡೆ ಸೇರಿಸುವುದಕ್ಕಿಂತ, ಒಂದೇ ಕೇಬಲ್ಲಿನ ಉದ್ದಕ್ಕೂ ಅಲ್ಲಲ್ಲಿ ಚಿಕ್ಕ ಕವಲಾಗಿ ಬೆಸೆಯುವುದು ಒಳ್ಳೆಯದು. ಕವಲುಗಳು ಉದ್ದವಾದಷ್ಟೂ ಸಂಕೇತ ಪ್ರತಿಫಲಿಸಿ ಓದು ಕೆಡುತ್ತದೆ. ವಿದ್ಯುತ್ತು, ನೆಲ (ಗ್ರೌಂಡ್), ದತ್ತಾಂಶ ಮೂರಕ್ಕೂ ಬೇರೆ ಬೇರೆ ಎಳೆಗಳನ್ನು ಕೊಟ್ಟು, ದತ್ತಾಂಶದ ಎಳೆಗೂ ವಿದ್ಯುತ್ತಿನ ಎಳೆಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿದ್ದೇವೆ. ಎರಡೇ ಎಳೆಗಳಲ್ಲಿ ಕೆಲಸ ಮುಗಿಸುವ ವಿಧಾನವೂ ಈ ಸೆನ್ಸರಿಗೆ ಇದೆಯಾದರೂ ಉದ್ದನೆಯ ಕೇಬಲ್ಲಿಗೆ ಅದು ನೆಚ್ಚಿಕೆಯದಲ್ಲ.

ಬೆಸುಗೆಯ ಜಾಗ ಇಡೀ ಸರದ ಅತ್ಯಂತ ದುರ್ಬಲ ಸ್ಥಳ. ಮೂರು ಎಳೆಗಳನ್ನೂ ಒಂದೇ ಜಾಗದಲ್ಲಿ ಕತ್ತರಿಸಿ ಬೆಸೆದರೆ ನೀರು ಒಂದಿಷ್ಟು ನುಗ್ಗಿದರೂ ಮೂರೂ ಕೂಡಿಕೊಳ್ಳುತ್ತವೆ. ಆದ್ದರಿಂದ ಒಂದೊಂದು ಎಳೆಯ ಬೆಸುಗೆಯನ್ನು ಎರಡೆರಡು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ, ಪ್ರತಿಯೊಂದರ ಮೇಲೂ ಒಳಗೆ ಅಂಟು ಸವರಿರುವ ಬಗೆಯ ಕುಗ್ಗುವ ಕೊಳವೆಯನ್ನು ಕಾಯಿಸಿ ಕೂರಿಸಿ, ಎಲ್ಲವನ್ನೂ ಪಿವಿಸಿ ಪೈಪಿನ ಒಂದು ತುಂಡಿನೊಳಗಿಟ್ಟು ಎಪಾಕ್ಸಿ ಹೊಯ್ದು ತುಂಬಿದೆವು. ಸೆನ್ಸರಿನ ಸ್ಟೀಲ್ ತೊಡುಗೆಯಿಂದ ತಂತಿ ಹೊರಬರುವ ಬಾಯಿಯನ್ನೂ ಹೀಗೆಯೇ ಮುಚ್ಚಿದೆವು. ಜಲನಿರೋಧಕ ಎಂದು ಮಾರುವ ಆ ತೊಡುಗೆಯ ಬಾಯಿಯಲ್ಲಿ ಹಲವುಸಲ ತೆಳ್ಳನೆಯ ಅಂಟಿನ ಪದರವೊಂದೇ ಇರುತ್ತದೆ. ಮಳೆಯ ಹನಿಗೆ ಅದು ಸಾಕು, ಮೂರು ಮೀಟರ್ ನೀರಿನ ಒತ್ತಡದಲ್ಲಿ ತಿಂಗಳುಗಟ್ಟಲೆ ಇರಲು ಸಾಲದು.

ಮುಚ್ಚಿದ ಬೆಸುಗೆ ನಿಜವಾಗಿ ಮುಚ್ಚಿದೆಯೇ ಎಂದು ತಿಳಿಯುವ ಒಂದು ಪರೀಕ್ಷೆಯನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ಸರವನ್ನು ಮೊದಲು ಕೈಯಿಟ್ಟರೆ ಸುಡದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಥಟ್ಟನೆ ತೆಗೆದು ಉಪ್ಪು ಕರಗಿಸಿದ ತಣ್ಣೀರಿಗೆ ಇಳಿಸಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ತಣಿದು ಕುಗ್ಗುವಾಗ, ಎಲ್ಲಿಯಾದರೂ ಕೂದಲೆಳೆಯಷ್ಟು ಸಂದಿದ್ದರೂ ಅದು ಉಪ್ಪುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಉಪ್ಪುನೀರಿನಲ್ಲಿ ಅದ್ದಿ ಇನ್ನೊಂದನ್ನು ಕೇಬಲ್ಲಿನ ಒಣ ತುದಿಯ ಎಳೆಗಳಿಗೆ ಒಂದೊಂದಾಗಿ ತಾಗಿಸಿ ನೋಡಿದರೆ, ಚೆನ್ನಾಗಿ ಮುಚ್ಚಿದ ಸರದಲ್ಲಿ ಮೀಟರು ಏನನ್ನೂ ತೋರಿಸುವುದಿಲ್ಲ. ಕೆಲವು ಮೆಗಾಓಮ್‌ಗಳ ಅಂಕಿ ಅಲುಗಾಡತೊಡಗಿದರೆ ಎಲ್ಲೋ ಒಸರುತ್ತಿದೆ ಎಂದರ್ಥ. ಯಾವ ಬೆಸುಗೆ ಎಂದು ಹುಡುಕಲು ಸರವನ್ನು ಮೆಲ್ಲಗೆ ಮೇಲೆತ್ತುತ್ತಾ, ಯಾವುದು ನೀರಿನಿಂದ ಹೊರಬಂದಾಗ ಅಂಕಿ ಮಾಯವಾಗುತ್ತದೆ ಎಂದು ನೋಡಿದರೆ ಸಾಕು.

ಲಾಗರ್ ಮತ್ತು ಅದರ ಜಾಗ

ಲಾಗರಿನ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಇದು ಬಹಳ ಮಂದಿ ಮಾಡಿರುವ ಕೆಲಸ. 3.3 ವೋಲ್ಟಿನ ಆರ್ಡುವಿನೊ ಪ್ರೊ ಮಿನಿ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡು, ಡಿಎಸ್3231 ಗಡಿಯಾರ, ಮೈಕ್ರೊ ಎಸ್‌ಡಿ ಕಾರ್ಡ್, ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಈ ಸೆಲ್ಲನ್ನು ಆರಿಸಿದ ಕಾರಣವೆಂದರೆ ಅದರ ವೋಲ್ಟೇಜ್ ಬಹುಕಾಲ 3.2ರ ಬಳಿಯೇ ನಿಲ್ಲುವುದರಿಂದ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಇಲ್ಲದೆಯೇ ಎಲ್ಲ ಭಾಗಗಳನ್ನೂ ನೇರವಾಗಿ ನಡೆಸಬಹುದು. ಬೋರ್ಡಿನ ಮೇಲಿನ ರೆಗ್ಯುಲೇಟರನ್ನೂ ಸದಾ ಉರಿಯುವ ಎಲ್‌ಇಡಿಯನ್ನೂ ಕಿತ್ತುಹಾಕಿದರೆ ನಿದ್ದೆಯಲ್ಲಿರುವಾಗ ಎಳೆಯುವ ವಿದ್ಯುತ್ತು ಬಹಳ ಕಡಿಮೆಯಾಗುತ್ತದೆ. ಗಡಿಯಾರದ ಅಲಾರಂ ಹತ್ತು ನಿಮಿಷಕ್ಕೊಮ್ಮೆ ಬೋರ್ಡನ್ನು ಎಬ್ಬಿಸುತ್ತದೆ, ಬೋರ್ಡು ಎಲ್ಲ ಸೆನ್ಸರ್‌ಗಳಿಗೂ ಒಮ್ಮೆಲೇ ಅಳೆಯಲು ಹೇಳಿ, 12 ಬಿಟ್‌ನ ಅಳತೆಗೆ ಬೇಕಾದ 750 ಮಿಲಿಸೆಕೆಂಡು ಕಾದು, ಓದಿ, ಬರೆದು, ಮತ್ತೆ ಮಲಗುತ್ತದೆ.

ಎರಡು ಅಂಕಿಗಳ ಬಗ್ಗೆ ಮಾತ್ರ ಎಚ್ಚರವಿರಬೇಕು. ದಾಖಲೆಯಲ್ಲಿ ಸರಿಯಾಗಿ 85.00 ಎಂದು ಬಂದರೆ ಅದು ಬಿಸಿನೀರಲ್ಲ, ಸೆನ್ಸರಿಗೆ ವಿದ್ಯುತ್ತು ಬಂದಿದೆಯಾದರೂ ಅಳತೆ ನಡೆದಿಲ್ಲ ಎಂಬ ಸೂಚನೆ. −127 ಎಂದು ಬಂದರೆ ಸೆನ್ಸರ್ ಉತ್ತರವನ್ನೇ ಕೊಡುತ್ತಿಲ್ಲ ಎಂದು ಅರ್ಥ. ಇವನ್ನು ತೆಗೆಯದೆ ಸರಾಸರಿ ಹಾಕಿದ ಪಟ್ಟಿಗಳನ್ನು ನಾನು ನೋಡಿದ್ದೇನೆ.

ಪೆಟ್ಟಿಗೆಯನ್ನು ಎಲ್ಲಿಡುವುದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ತೇಲುವ ಬುರುಡೆಯೊಳಗೇ ಲಾಗರನ್ನಿಡುವುದು ಸಾಮಾನ್ಯ ಪದ್ಧತಿ. ನಮ್ಮ ಹಳೆಯ ಕೆರೆಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಕಟ್ಟಿಯೇ ಇದೆ: ತೂಬಿನ ಕಲ್ಲುಕಂಬಗಳು. ಕೋಡಿ ಹರಿಯುವ ಮಟ್ಟಕ್ಕಿಂತ ಮೇಲೆ, ಎರಡು ಕಂಬಗಳನ್ನು ಕೂಡಿಸುವ ಅಡ್ಡಕಲ್ಲಿನ ಕೆಳಗೆ, ಎರಡೂ ಬದಿಗೆ ಮುಚ್ಚಳವಿರುವ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡನ್ನು ನೈಲಾನ್ ಹಗ್ಗದಿಂದ ಬಿಗಿದಿದ್ದೇವೆ. ಕಲ್ಲಿಗೆ ಎಲ್ಲಿಯೂ ತೂತು ಕೊರೆದಿಲ್ಲ, ಸಿಮೆಂಟು ಹಚ್ಚಿಲ್ಲ. ಶತಮಾನಗಳಿಂದ ನಿಂತ ಕಂಬಕ್ಕೆ ನಮ್ಮ ಯಂತ್ರಕ್ಕಾಗಿ ಗಾಯ ಮಾಡುವುದು ಸರಿಯಲ್ಲ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಮೀನು ಹಿಡಿಯುವ ಗುತ್ತಿಗೆದಾರರಿಗೂ ತಿಳಿಸಿ, ಇದು ಏನು, ಏತಕ್ಕೆ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಪೈಪಿಗೆ ತೂಗುಹಾಕಿದ್ದೇವೆ. ಮೀನನ್ನು ಓಡಿಸುವ ಕರೆಂಟಿನ ಸರವಂತೆ ಎಂಬ ಸುದ್ದಿ ಹುಟ್ಟಿಕೊಂಡದ್ದು ಆ ಫಲಕ ಬಂದಮೇಲೆಯೇ ನಿಂತಿತು.

ತೂಬಿನ ಬುಡದಲ್ಲೇ ಸರವನ್ನು ಇಳಿಸುವಂತಿಲ್ಲ. ಗದ್ದೆಗೆ ನೀರು ಬಿಡಲು ತೂಬನ್ನು ಎತ್ತಿದಾಗ ತಳದ ತಣ್ಣನೆಯ ನೀರೇ ಮೊದಲು ಹೊರಗೆ ಹರಿಯುವುದರಿಂದ ಅಲ್ಲಿಯ ಪದರ ಕೃತಕವಾಗಿ ಒಡೆಯುತ್ತದೆ. ಆದ್ದರಿಂದ ಕಂಬದಿಂದ ಹದಿನೈದು ಮೀಟರ್ ಒಳಕ್ಕೆ ಕೇಬಲ್ಲನ್ನು ಎಳೆದು, ತುಂಬಿದಾಗ ಮೂರೂವರೆ ಮೀಟರ್ ಆಳವಿರುವ ಜಾಗದಲ್ಲಿ ತೇಲುಬುರುಡೆಯನ್ನು ಲಂಗರು ಹಾಕಿ ನಿಲ್ಲಿಸಿದೆವು. ಅಷ್ಟು ದೂರವಿದ್ದರೂ ತೂಬು ತೆರೆದ ದಿನಗಳಲ್ಲಿ ತಳದ ಅಂಕಿಯಲ್ಲಿ ಬದಲಾವಣೆ ಕಾಣುತ್ತದೆ. ಹಾಗಾಗಿ ನೀರುಗಂಟಿಯವರು ತೂಬನ್ನು ಎತ್ತಿದ ಮತ್ತು ಇಳಿಸಿದ ಹೊತ್ತನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಆ ಪುಸ್ತಕವಿಲ್ಲದಿದ್ದರೆ ಲಾಗರಿನ ಅರ್ಧ ದಾಖಲೆ ಒಗಟಾಗಿಯೇ ಉಳಿಯುತ್ತಿತ್ತು.

ಮೇಲಿನ ನಾಲ್ಕು ಸೆನ್ಸರ್‌ಗಳು 10 ಸೆಂಟಿಮೀಟರ್, 50 ಸೆಂಟಿಮೀಟರ್, 1 ಮೀಟರ್ ಮತ್ತು 2 ಮೀಟರ್ ಆಳದಲ್ಲಿ ತೇಲುಬುರುಡೆಯಿಂದ ತೂಗುತ್ತವೆ. ಕೆರೆಯ ಮಟ್ಟ ಇಳಿದರೂ ಏರಿದರೂ ಅವು ಮೇಲ್ಮೈಯಿಂದ ಅಷ್ಟೇ ದೂರದಲ್ಲಿರುತ್ತವೆ. ಐದನೆಯದು ಮಾತ್ರ ಲಂಗರಿನ ಹಗ್ಗಕ್ಕೆ, ತಳದ ಕಲ್ಲಿನಿಂದ 20 ಸೆಂಟಿಮೀಟರ್ ಮೇಲೆ ಕಟ್ಟಿದ್ದು. ಎಲ್ಲವನ್ನೂ ಬುರುಡೆಗೇ ಕಟ್ಟಿದ್ದರೆ ನೀರು ಇಳಿದಂತೆ ಕೆಳಗಿನದು ಹೂಳಿನಲ್ಲಿ ಮಲಗಿ ಕೆಸರಿನ ಉಷ್ಣತೆಯನ್ನು ಹೇಳತೊಡಗುತ್ತದೆ. ಹೂಳು ದಿನದ ಏರಿಳಿತಕ್ಕೆ ಬಹಳ ತಡವಾಗಿ ಸ್ಪಂದಿಸುವುದರಿಂದ ಆ ಅಂಕಿ ನೋಡಲು ನಯವಾಗಿರುತ್ತದೆ, ಆದರೆ ನಮಗೆ ಬೇಕಾದ ವಿಷಯ ಅದರಲ್ಲಿರುವುದಿಲ್ಲ.

ಸೆಕಿ ತಟ್ಟೆ

1865ರಲ್ಲಿ ಆಂಜೆಲೊ ಸೆಕಿ ಎಂಬ ಇಟಲಿಯ ಖಗೋಳಶಾಸ್ತ್ರಜ್ಞ ಪಾದ್ರಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನಿಂದ ಬಿಳಿಯ ತಟ್ಟೆಗಳನ್ನು ಇಳಿಸಿ ನೋಡಿದ್ದ ಪ್ರಯೋಗವೇ ಇಂದಿಗೂ ನಡೆದಿದೆ. ಸರೋವರಗಳಿಗೆ ಬಳಸುವುದು 20 ಸೆಂಟಿಮೀಟರ್ ವ್ಯಾಸದ, ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಳಿದ ತಟ್ಟೆ. ನಾವು ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ, ಹೊಳಪಿಲ್ಲದ ಬಣ್ಣ ಬಳಿದು, ಕೆಳಗೆ ಕಬ್ಬಿಣದ ಬಿಲ್ಲೆಯನ್ನು ಬೋಲ್ಟಿನಿಂದ ಬಿಗಿದೆವು. ಹಗ್ಗದ ಬದಲು ಫೈಬರ್ ಅಳತೆಪಟ್ಟಿಯನ್ನೇ ಕಟ್ಟಿದ್ದೇವೆ. ನೂಲಿನ ಹಗ್ಗ ನೆನೆದಾಗ ಒಂದು ಉದ್ದ, ಒಣಗಿದಾಗ ಇನ್ನೊಂದು ಉದ್ದವಾಗುತ್ತದೆ. ಹರಿಗೋಲಿನ ನೆರಳಿನ ಬದಿಯಲ್ಲಿ ಇಳಿಸಿ, ಮರೆಯಾದ ಆಳ ಮತ್ತು ಮೇಲೆತ್ತುವಾಗ ಮತ್ತೆ ಕಂಡ ಆಳ ಇವೆರಡರ ಸರಾಸರಿಯನ್ನು ಬರೆಯುವುದು ಕ್ರಮ.

ಇದರಿಂದ ಕೆರೆಯ ಪೋಷಕಾಂಶದ ಮಟ್ಟವನ್ನು ಅಂದಾಜು ಮಾಡುವ ಕಾರ್ಲ್‌ಸನ್ ಸೂಚ್ಯಂಕ 1977ರಿಂದ ಬಳಕೆಯಲ್ಲಿದೆ: ಮೀಟರಿನಲ್ಲಿ ಅಳೆದ ಆಳದ ನೈಸರ್ಗಿಕ ಲಾಗರಿದಮ್ಮನ್ನು 14.41ರಿಂದ ಗುಣಿಸಿ 60ರಿಂದ ಕಳೆಯುವುದು. ಒಂದು ಮೀಟರಿಗೆ 60 ಬರುತ್ತದೆ, ಪಾರದರ್ಶಕತೆ ಅರ್ಧಕ್ಕೆ ಇಳಿದಂತೆ ಹತ್ತು ಹತ್ತು ಏರುತ್ತದೆ. ಆದರೆ ಈ ಲೆಕ್ಕ ನೀರನ್ನು ಕದಡಿಸಿದ್ದು ಪಾಚಿ ಎಂದು ಊಹಿಸಿಕೊಂಡೇ ಹೊರಟಿದೆ. ಮುಂಗಾರಿನ ಮೊದಲ ಮಳೆಗಳಲ್ಲಿ ನಮ್ಮ ಕೆಮ್ಮಣ್ಣಿನ ನೆಲದಿಂದ ಹರಿದು ಬಂದ ನೀರಿನಲ್ಲಿ ತಟ್ಟೆ ಒಂದು ಗೇಣು ಇಳಿಯುವುದರೊಳಗೆ ಮರೆಯಾಗುತ್ತದೆ. ಅದಕ್ಕೆ ಪಾಚಿ ಕಾರಣವಲ್ಲ, ಜೇಡಿಮಣ್ಣು. ಆದ್ದರಿಂದ ಪ್ರತಿ ಓದಿನ ಜೊತೆಗೂ ಅರ್ಧ ಲೀಟರ್ ನೀರನ್ನು ಬಿಳಿಯ ಸೋಸುಕಾಗದದಲ್ಲಿ ಸೋಸಿ, ಕಾಗದದ ಮೇಲೆ ಉಳಿದದ್ದು ಹಸಿರೋ ಕೆಂಪೋ ಎಂದು ನೋಡಿ ಬರೆದುಕೊಳ್ಳುತ್ತೇವೆ. ಕೆಂಪು ಉಳಿದ ದಿನದ ಸೂಚ್ಯಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಳದ ನೀರನ್ನು ತರುವ ಕೊಳವೆ

ಭಾರ ಕಟ್ಟಿದ ಬಾಟಲಿಯನ್ನು ಇಳಿಸಿ ಬಿರಡೆಯನ್ನು ದಾರದಿಂದ ಎಳೆದು ತುಂಬಿಸುವುದು ಸುಲಭ, ಆದರೆ ನೀರು ಒಳನುಗ್ಗುವಾಗ ಗಾಳಿ ಗುಳುಗುಳು ಎಂದು ಹೊರಬರುತ್ತಾ ನೀರಿಗೆ ಆಮ್ಲಜನಕವನ್ನು ಬೆರೆಸಿಬಿಡುತ್ತದೆ. ಆಮ್ಲಜನಕವನ್ನೇ ಅಳೆಯಬೇಕೆಂದಾಗ ಆ ಬಾಟಲಿ ನಿಷ್ಪ್ರಯೋಜಕ. ಎರಡೂ ಬದಿ ತೆರೆದೇ ಇಳಿಯುವ, ಬೇಕಾದ ಆಳದಲ್ಲಿ ಎರಡೂ ಬಾಯಿ ಒಮ್ಮೆಲೇ ಮುಚ್ಚಿಕೊಳ್ಳುವ ವ್ಯಾನ್ ಡಾರ್ನ್ ಮಾದರಿಯ ಕೊಳವೆ ಬೇಕು. ಒಳವ್ಯಾಸ ಏಳು ಸೆಂಟಿಮೀಟರಿನ, 35 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪು, ಎರಡು ಬದಿಗೆ ಎರಡು ರಬ್ಬರ್ ಚೆಂಡುಗಳು, ಅವನ್ನು ಒಳಗಿನಿಂದ ಪರಸ್ಪರ ಎಳೆದು ಹಿಡಿಯುವ ರಬ್ಬರ್ ಟ್ಯೂಬು, ಇಷ್ಟೇ ಅದರ ಸಾಮಗ್ರಿ. ಚೆಂಡುಗಳನ್ನು ಹೊರಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸಿ ಇಳಿಸುವುದು, ಆಳ ಮುಟ್ಟಿದ ಮೇಲೆ ಕೊಕ್ಕೆಯನ್ನು ಬಿಡಿಸುವುದು. ದೊಡ್ಡ ಸರೋವರಗಳಲ್ಲಿ ಇದಕ್ಕೆ ಹಗ್ಗದ ಮೇಲೆ ಜಾರಿಬಿಡುವ ಲೋಹದ ತೂಕ ಬಳಸುತ್ತಾರೆ. ಮೂರು ಮೀಟರಿಗೆ ಅಷ್ಟೆಲ್ಲ ಬೇಡ, ಎರಡನೆಯ ದಾರವೊಂದನ್ನು ಜಗ್ಗಿದರೆ ಸಾಕು.

ಪೈಪಿನ ಗಾತ್ರಕ್ಕೂ ಕಾರಣವಿದೆ. ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನದ ಪರೀಕ್ಷೆಗೆ ಬಳಸುವ ಗಾಜಿನ ಶೀಷೆ 300 ಮಿಲಿಲೀಟರಿನದು. ಗಾಳಿ ತಾಗಿದ ಮೊದಲ ನೀರು ಹೊರಚೆಲ್ಲುವಂತೆ ಶೀಷೆಯ ತಳದಿಂದ ಟ್ಯೂಬಿನ ಮೂಲಕ ತುಂಬಿಸುತ್ತಾ ಎರಡು ಮೂರು ಶೀಷೆಯಷ್ಟು ನೀರನ್ನು ಉಕ್ಕಿಸಬೇಕು. ನಮ್ಮ ಕೊಳವೆ ಹಿಡಿಯುವ ಸುಮಾರು 1.3 ಲೀಟರ್ ಅದಕ್ಕೆ ಸರಿಯಾಗುತ್ತದೆ.

1888ರಷ್ಟು ಹಳೆಯದಾದ ಈ ವಿಧಾನವನ್ನು ಇಂದಿನ ಎಲೆಕ್ಟ್ರಾನಿಕ್ ಮೀಟರುಗಳ ನಡುವೆಯೂ ನಾನು ಮೆಚ್ಚುವುದು ಅದರ ಕಣ್ಣಿಗೆ ಕಾಣುವ ಉತ್ತರಕ್ಕಾಗಿ. ನೀರಿಗೆ ಮ್ಯಾಂಗನಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರದಲ್ಲಿ ಬೆರೆಸಿದ ಅಯೊಡೈಡ್ ದ್ರಾವಣವನ್ನೂ ಹಾಕಿ, ಗಾಳಿಯ ಗುಳ್ಳೆ ಉಳಿಯದಂತೆ ಮುಚ್ಚಿ ತಿರುಗಿಸಿದಾಗ, ಆಮ್ಲಜನಕವಿದ್ದರೆ ಕಂದು ಬಣ್ಣದ ಮೋಡದಂಥ ಗಷ್ಟು ಹುಟ್ಟಿ ಮೆಲ್ಲಗೆ ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಗಷ್ಟು ಬಿಳಿಯಾಗಿಯೇ ಉಳಿಯುತ್ತದೆ. ನಸುಕಿನಲ್ಲಿ ಹರಿಗೋಲಿನಲ್ಲಿ ಕೂತು, ಟಾರ್ಚಿನ ಬೆಳಕಿನಲ್ಲಿ, ಅರ್ಧ ಮೀಟರಿನ ಶೀಷೆ ತೆಳುಗಂದಾಗಿಯೂ ತಳದ ಶೀಷೆ ಹಾಲಿನಂತೆ ಬೆಳ್ಳಗೂ ನಿಂತದ್ದನ್ನು ಅಕ್ಕಪಕ್ಕ ಹಿಡಿದು ನೋಡಿದವರಿಗೆ ಮುಂದಿನ ಟೈಟ್ರೇಷನ್ನಿನ (ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಹಂತದ) ಅಂಕಿ ಕೇವಲ ಔಪಚಾರಿಕ. ಆ ಅಂಕಿಯೂ ಬೇಕೇ ಬೇಕು: ಆಮ್ಲ ಹಾಕಿ ಗಷ್ಟನ್ನು ಕರಗಿಸಿ, 200 ಮಿಲಿಲೀಟರ್ ನೀರಿಗೆ 0.025 ನಾರ್ಮಲ್ ಥಯೋಸಲ್ಫೇಟ್ ಬಳಸಿದರೆ ಖರ್ಚಾದ ಪ್ರತಿ ಮಿಲಿಲೀಟರೂ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ಗಂಧಕಾಮ್ಲದ ಕೆಲಸವನ್ನು ತೇಲಾಡುವ ಹರಿಗೋಲಿನಲ್ಲಿ ಮಾಡದೆ, ಗಷ್ಟು ಕೂತ ಶೀಷೆಗಳನ್ನು ಮುಚ್ಚಿದಂತೆಯೇ ಏರಿಗೆ ತಂದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಮಾಡಬೇಕು. 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ 8.3 ಮಿಲಿಗ್ರಾಂನಷ್ಟು, ನಮ್ಮ ಎತ್ತರದಲ್ಲಿ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ ಎಂಬುದನ್ನು ಹೋಲಿಸುವಾಗ ನೆನಪಿಡಬೇಕು.

ಸರ ಹೇಳಿದ್ದು

ಬಿಸಿಲಿನ, ಗಾಳಿ ಕಡಿಮೆಯಾದ ದಿನದ ನಕ್ಷೆಯಲ್ಲಿ ಐದೂ ಗೆರೆಗಳು ಬೆಳಗ್ಗೆ ಒಂದರ ಮೇಲೊಂದು ಬಿದ್ದಿರುತ್ತವೆ, ಹತ್ತು ಗಂಟೆಯ ಹೊತ್ತಿಗೆ ಮೇಲಿನದು ಬೇರ್ಪಡುತ್ತದೆ, ಮಧ್ಯಾಹ್ನ ಮೂರರ ವೇಳೆಗೆ ಅಂತರ ಅತಿ ಹೆಚ್ಚಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಮೇಲ್ಮೈಯ ನೀರು ತಣಿದು ಭಾರವಾಗಿ ಇಳಿಯತೊಡಗುತ್ತದೆ; ಆಗ ಮೊದಲು 10 ಸೆಂಟಿಮೀಟರಿನ ಗೆರೆ ಬಂದು 50ರದನ್ನು ಕೂಡುತ್ತದೆ, ಆಮೇಲೆ ಎರಡೂ ಸೇರಿ ಒಂದು ಮೀಟರಿನದನ್ನು, ಹೀಗೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆ ಕೂಡುತ್ತಾ ಹೋಗಿ, ನಡುರಾತ್ರಿ ಕಳೆದ ಮೇಲೆ ಯಾವುದೋ ಹೊತ್ತಿನಲ್ಲಿ ತಳದ ಗೆರೆಯನ್ನು ಮುಟ್ಟುತ್ತವೆ. ಮುಟ್ಟಿದ ಆ ಹೊತ್ತು, ಹಗಲೆಲ್ಲ ಹೂಳಿನ ಮೇಲೆ ನಿಂತು ಆಮ್ಲಜನಕ ಕಳೆದುಕೊಂಡ ನೀರು ಇಡೀ ಕೆರೆಗೆ ಹಂಚಿಹೋಗುವ ಹೊತ್ತು. ಪಾಚಿಯೂ ಮೀನೂ ಬ್ಯಾಕ್ಟೀರಿಯಾಗಳೂ ರಾತ್ರಿಯಿಡೀ ಉಸಿರಾಡಿ ಇದ್ದ ಆಮ್ಲಜನಕವನ್ನು ಖರ್ಚು ಮಾಡಿರುವಾಗಲೇ ಇದು ನಡೆಯುವುದರಿಂದ ನಸುಕಿನ ಹೊತ್ತೇ ಮೀನುಗಳಿಗೆ ಕಷ್ಟದ ಹೊತ್ತು.

ದಿನವೂ ಹೀಗೆ ಕಲೆಯುತ್ತಿದ್ದರೆ ದೊಡ್ಡ ಅಪಾಯವಿಲ್ಲ, ಪ್ರತಿ ರಾತ್ರಿಯ ಸಾಲ ಮರುಹಗಲಿನಲ್ಲಿ ತೀರುತ್ತದೆ. ಗಾಳಿಯಿಲ್ಲದೆ ಸೆಕೆಯ ದಿನಗಳು ಸಾಲಾಗಿ ಬಂದು ರಾತ್ರಿಯೂ ನೀರು ಸಾಕಷ್ಟು ತಣಿಯದಿದ್ದಾಗ ತಳದ ಗೆರೆ ಬೆಳಗಾದರೂ ಬೇರೆಯಾಗಿಯೇ ಉಳಿಯುತ್ತದೆ. ಆ ದಿನಗಳಷ್ಟೂ ತಳದಲ್ಲಿ ಸಾಲ ಬೆಳೆಯುತ್ತದೆ. ಅದರ ಹಿಂದೆಯೇ ಒಂದು ಬಿರುಮಳೆ ಬಂದು ತಣ್ಣನೆಯ ನೀರು ನುಗ್ಗಿದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಒಮ್ಮೆಲೇ ಕಲೆಯುತ್ತದೆ. ಬೇಸಿಗೆಯ ಮೊದಲ ಮಳೆಯ ಮರುದಿನ ಮೀನು ಸತ್ತವು, ಮಳೆನೀರಿನಲ್ಲಿ ವಿಷ ಬಂದಿರಬೇಕು ಎಂದು ಊರಿನಲ್ಲಿ ಹೇಳುವುದನ್ನು ಈ ನಕ್ಷೆಯ ಮುಂದಿಟ್ಟು ನೋಡಬೇಕು. ಹೊರಗಿನಿಂದ ವಿಷ ಬರುವ ಸಾಧ್ಯತೆ ಇಲ್ಲವೆಂದಲ್ಲ. ಆದರೆ ಮೊದಲು ನೋಡಬೇಕಾದದ್ದು ಹಿಂದಿನ ವಾರದ ತಳದ ಗೆರೆಯನ್ನು.

ಕೆಟ್ಟದ್ದು ಮತ್ತು ದುರಸ್ತಿ

ಮಳೆಗಾಲದ ನಡುವೆ ಒಂದು ರಾತ್ರಿಯಿಂದ ದಾಖಲೆಯಲ್ಲಿ ಐದೂ ಕಾಲಂಗಳಲ್ಲಿ −127 ಬರತೊಡಗಿತು. ಐದೂ ಒಮ್ಮೆಲೇ ಸಾಯುವುದು ಅಸಂಭವವಾದ್ದರಿಂದ ಲಾಗರನ್ನು ಬಿಡಿಸಿ ಮೀಟರು ಹಿಡಿದು ನೋಡಿದಾಗ ದತ್ತಾಂಶದ ಎಳೆ ನೆಲದ ಎಳೆಗೆ ಬಹುತೇಕ ಕೂಡಿಕೊಂಡಿರುವುದು ತಿಳಿಯಿತು. ಸರವನ್ನು ಎತ್ತಿ ಒಂದೊಂದಾಗಿ ಬೇರ್ಪಡಿಸುತ್ತಾ ಬಂದಾಗ ದೋಷ ಸಿಕ್ಕಿದ್ದು ತಳದ ಸೆನ್ಸರಿನಲ್ಲಿ. ಬೆಸುಗೆಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಸೆನ್ಸರಿನ ಜೊತೆಗೆ ಬಂದ ತೆಳುವಾದ ತಂತಿಯ ಹೊರಸಿಪ್ಪೆ ಲಂಗರಿನ ಹಗ್ಗಕ್ಕೆ ಉಜ್ಜಿ ಸವೆದು, ಅಲ್ಲಿಂದ ನುಗ್ಗಿದ ನೀರು ಸಿಪ್ಪೆಯೊಳಗಿನ ಸಂದಿನಲ್ಲಿ ಹರಿದು ಸ್ಟೀಲ್ ತೊಡುಗೆಯ ಒಳಗನ್ನೇ ತಲುಪಿತ್ತು. ತೊಡುಗೆಯನ್ನು ಗರಗಸದಿಂದ ಕೊಯ್ದಾಗ ಸೆನ್ಸರಿನ ಮೂರು ಕಾಲುಗಳ ನಡುವೆ ಹಸಿರು ಕಿಲುಬು ಸೇತುವೆಯಂತೆ ಬೆಳೆದಿತ್ತು.

ದುರಸ್ತಿಯಲ್ಲಿ ಮೂರು ಬದಲಾವಣೆ ಮಾಡಿದೆವು. ಸೆನ್ಸರಿನ ಮೂಲ ತಂತಿಯನ್ನು ನಾಲ್ಕು ಸೆಂಟಿಮೀಟರಿಗೆ ಕತ್ತರಿಸಿ, ದಪ್ಪ ಸಿಪ್ಪೆಯ ಮುಖ್ಯ ಕೇಬಲ್ಲಿಗೆ ಹತ್ತಿರದಲ್ಲೇ ಬೆಸೆದು, ಉಳಿದ ತಂತಿಯಷ್ಟೂ ಎಪಾಕ್ಸಿಯೊಳಗೇ ಹುದುಗುವಂತೆ ಮಾಡಿದೆವು. ತಳದ ಸೆನ್ಸರಿಗೆ ಬೇರೆಯೇ ಒಂದು ದತ್ತಾಂಶದ ಎಳೆಯನ್ನು ಕೊಟ್ಟು ಬೋರ್ಡಿನ ಇನ್ನೊಂದು ಕಾಲಿಗೆ ಸೇರಿಸಿದೆವು. ಇನ್ನು ಮುಂದೆ ಅದರ ದತ್ತಾಂಶದ ಎಳೆ ನೆಲಕ್ಕೆ ಕೂಡಿದರೂ ಮೇಲಿನ ನಾಲ್ಕನ್ನು ಅದು ಎಳೆದುಕೊಂಡು ಹೋಗಲಾರದು. ಕೇಬಲ್ಲು ಹಗ್ಗವನ್ನು ಮುಟ್ಟುವ ಕಡೆಯಲ್ಲೆಲ್ಲ ತೋಟದ ಹನಿನೀರಾವರಿಯ ಪೈಪನ್ನು ಉದ್ದಕ್ಕೆ ಸೀಳಿ ಕವಚವಾಗಿ ತೊಡಿಸಿದೆವು. ಇದರ ಜೊತೆಗೆ ಸೆನ್ಸರ್‌ಗಳ ಮೇಲೆ ಕಟ್ಟುವ ಪಾಚಿ, ಮೆತ್ತಿಕೊಳ್ಳುವ ಚಿಕ್ಕ ಬಸವನ ಹುಳುಗಳು ಇವನ್ನು ತಿಂಗಳಿಗೊಮ್ಮೆ ಮೃದುವಾದ ಬ್ರಷ್ಷಿನಿಂದ ತೆಗೆಯುವುದೂ ಕೆಲಸದಲ್ಲಿ ಸೇರಿದೆ. ದಪ್ಪನೆಯ ಪಾಚಿ ಕಟ್ಟಿದ ಮೇಲ್ಮೈಯ ಸೆನ್ಸರ್ ಬಿಸಿಲನ್ನು ಹೀರಿ ನೀರಿಗಿಂತ ಹೆಚ್ಚನ್ನೇ ಹೇಳುತ್ತದೆ. ಅದೇ ಕಾರಣಕ್ಕೆ ಮೇಲಿನ ಎರಡು ಸೆನ್ಸರ್‌ಗಳಿಗೆ ತೂತುಗಳಿರುವ ಬಿಳಿಯ ಪೈಪಿನ ನೆರಳನ್ನೂ ಕೊಟ್ಟಿದ್ದೇವೆ. ಹೊಸ ಸೆನ್ಸರನ್ನು ಹಳೆಯ ನಾಲ್ಕರ ಜೊತೆಗೆ ಮತ್ತೆ ಬಕೆಟ್ಟಿನಲ್ಲಿ ಹೊಂದಿಸಿ, ತಿದ್ದುಪಡಿಯ ಪಟ್ಟಿಯಲ್ಲಿ ಬದಲಾದ ದಿನಾಂಕವನ್ನು ನಮೂದಿಸಿಯೇ ಕೆರೆಗೆ ಇಳಿಸಿದ್ದು.

ಬೇಸಿಗೆಗೆ ನೀರು ಇಳಿಯುತ್ತಾ ಬಂದಾಗ ಎರಡು ಮೀಟರಿನ ಸೆನ್ಸರ್ ತಳದ ಸೆನ್ಸರಿನ ಮಟ್ಟಕ್ಕೆ ಬರುತ್ತದೆ, ಆಮೇಲೆ ಹೂಳನ್ನು ಮುಟ್ಟುತ್ತದೆ. ಅದಕ್ಕೆ ಮೊದಲೇ ಅದನ್ನು ಸುತ್ತಿ ಬುರುಡೆಯ ಮೇಲಕ್ಕೆ ನೆರಳಿನಲ್ಲಿ ಕಟ್ಟಿ ಗಾಳಿಯ ಉಷ್ಣತೆಗೆ ಬಳಸಿಕೊಳ್ಳುವುದೆಂದು ನಿಶ್ಚಯಿಸಿದ್ದೇವೆ; ಆ ತಿಂಗಳುಗಳ ದಾಖಲೆಯಲ್ಲಿ ಎರಡು ಮೀಟರಿನ ಕಾಲಂ ಖಾಲಿ ಇರುತ್ತದೆ, ಗಾಳಿಯ ಅಂಕಿಗೆ ಪ್ರತ್ಯೇಕ ಕಾಲಂ ಇರುತ್ತದೆ.